ಕೋಟಿ ಡ್ಯಾಮೇಜ್ ಬಂದರೆ ಗೇಮ್ ನಿಧಾನ ಆಗುತ್ತದೆಯೇ? ಲ್ಯಾಗ್‌ನ ಮೂಲ ಹುಡುಕುವ ಬಗೆ

ದಾವಣಗೆರೆಯ ಹಾಸ್ಟೆಲ್ ಕೋಣೆಗಳಲ್ಲಿ, ಗೇಮಿಂಗ್ ಸೆಂಟರ್‌ಗಳಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಈ ವಾದ ಮಾಮೂಲಿ. "ಡ್ಯಾಮೇಜ್ ಕೋಟಿಗಟ್ಲೆ ಬರಾಕತ್ತೈತಿ ಲೇ, ಅದಕ್ಕೇ ಲ್ಯಾಗ್ ಹೊಡಿತತಿ" ಅಂತ ಒಬ್ಬ. "ಕಂಪ್ಯೂಟರಿಗೆ ಹತ್ತೂ ಒಂದೇ, ಹತ್ತು ಕೋಟಿನೂ ಒಂದೇ. ನಿನ್ನ ನೆಟ್ ನೋಡ್ಕ ಮೊದ್ಲು" ಅಂತ ಇನ್ನೊಬ್ಬ. ಡ್ಯಾಮೇಜ್ ಎಂದರೆ ಒಂದು ಹೊಡೆತ ಎದುರಾಳಿಯ ಆರೋಗ್ಯದಿಂದ ಕಳೆಯುವ ಅಂಕಿ, ಲ್ಯಾಗ್ ಎಂದರೆ ಆಟ ತಡವರಿಸುವುದು. ಎರಡನೆಯವನ ಮಾತು ನಿಜಕ್ಕೆ ಹೆಚ್ಚು ಹತ್ತಿರ. ಆದರೆ ದೊಡ್ಡ ಅಂಕಿ ನಿಜವಾಗಿಯೂ ಕೈಕೊಡುವ ಕೆಲವು ಜಾಗಗಳಿವೆ. ಅಲ್ಲಿ ಗೇಮ್ ನಿಧಾನ ಆಗುವುದಕ್ಕಿಂತ ಲೆಕ್ಕವೇ ತಪ್ಪುತ್ತದೆ. ಲೆಕ್ಕ ತಪ್ಪಿದ್ದನ್ನೂ ಆಡುವವರು ಲ್ಯಾಗ್ ಅಂತಲೇ ಕರೆಯುವುದರಿಂದ ವಾದ ಮುಗಿಯುವುದಿಲ್ಲ. ಹಾಗಾಗಿ ವಾದ ಬದಿಗಿಟ್ಟು ಅಳೆಯುವ ಕೆಲಸಕ್ಕೆ ಕೈಹಾಕುವುದು ಮೇಲು.

ಮೊದಲು ಲ್ಯಾಗ್ ಯಾವ ಜಾತಿಯದು ನೋಡಿ

ಬಾಸ್ (ದೊಡ್ಡ ಶತ್ರು) ಫೈಟ್ ನಡುವೆ ಗೇಮ್ ತಡವರಿಸಿದಾಗ ಹೊಡೆಯುವುದನ್ನು ಬಿಟ್ಟು ಮೌಸ್‌ನಿಂದ ಕ್ಯಾಮೆರಾವನ್ನು ಒಂದು ಸುತ್ತು ತಿರುಗಿಸಿ. ತಿರುಗುವುದೇ ಜರ್ಕ್ ಹೊಡೆದರೆ ತೊಂದರೆ ನಿಮ್ಮ ಯಂತ್ರದಲ್ಲಿದೆ. ಕ್ಯಾಮೆರಾ ಬೆಣ್ಣೆಯಂತೆ ತಿರುಗಿ, ಒತ್ತಿದ ಸ್ಕಿಲ್ ಮಾತ್ರ ಅರ್ಧ ಸೆಕೆಂಡ್ ತಡವಾಗಿ ಬಿದ್ದರೆ ನೆಟ್‌ವರ್ಕ್ ಅಥವಾ ಸರ್ವರ್. ಉಳಿದ ಆಟಗಾರರು ಇಲ್ಲಿಂದಲ್ಲಿಗೆ ಜಿಗಿಯುವಂತೆ ಕಂಡರೆ ಪ್ಯಾಕೆಟ್‌ಗಳು (ನೆಟ್‌ನಲ್ಲಿ ಹೋಗುವ ಮಾಹಿತಿಯ ತುಂಡುಗಳು) ದಾರಿಯಲ್ಲಿ ಕಳೆದುಹೋಗುತ್ತಿವೆ. ಬೇರೆ ಬೇರೆ ಊರಿನಿಂದ ಆಡುತ್ತಿರುವ ತಂಡದವರೆಲ್ಲ ಅದೇ ಕ್ಷಣಕ್ಕೆ "ನಂಗೂ ಆಯ್ತು" ಎಂದರೆ ಸರ್ವರ್‌ಗೇ ಉಸಿರು ಕಟ್ಟಿದೆ. ಆಗ ನಿಮ್ಮ ಮನೆಯಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ.

ಇನ್ನು ಅಂಕಿ ಬರೆದುಕೊಳ್ಳಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಗೇಮ್‌ನಲ್ಲಿ ಕಂಟ್ರೋಲ್ ಮತ್ತು ಆರ್ ಒತ್ತಿದರೆ ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರ) ಕಾಣುತ್ತದೆ. ಮೆನು ಬಟನ್ ಮೇಲೆ ಮೌಸ್ ಇಟ್ಟರೆ ಹೋಮ್, ವರ್ಲ್ಡ್ ಎಂದು ಎರಡು ಲೇಟೆನ್ಸಿ (ಸಂದೇಶ ಸರ್ವರ್‌ಗೆ ಹೋಗಿಬರುವ ಹೊತ್ತು) ಬರುತ್ತವೆ. ಚಾಟ್, ಹರಾಜು ಮುಂತಾದವಕ್ಕೆ ಹೋಮ್. ಕಾದಾಟ, ಸುತ್ತಲಿನ ಆಟಗಾರರ ಚಲನೆಗೆ ವರ್ಲ್ಡ್. ಈ ಪರೀಕ್ಷೆಗೆ ಬೇಕಾದದ್ದು ವರ್ಲ್ಡ್. ಬೇರೆ ಗೇಮ್ ಆದರೆ ವಿಂಡೋಸ್ ಕೀ ಮತ್ತು ಜಿ ಒತ್ತಿ, ಗೇಮ್ ಬಾರ್‌ನ ಪರ್ಫಾರ್ಮೆನ್ಸ್ ಕಿಟಕಿ ತೆರೆದಿಟ್ಟುಕೊಳ್ಳಿ.

ಸರಾಸರಿ ಫ್ರೇಮ್ ದರವನ್ನು ಪೂರ್ತಿ ನಂಬಬೇಡಿ. 60 ಫ್ರೇಮ್ ಬರಬೇಕಾದರೆ ಒಂದೊಂದು ಫ್ರೇಮ್ 16.7 ಮಿಲಿಸೆಕೆಂಡ್‌ನಲ್ಲಿ ಮುಗಿಯಬೇಕು, 144 ಬೇಕಾದರೆ 6.9ರಲ್ಲಿ. ಒಂದು ಸೆಕೆಂಡಿನಲ್ಲಿ 53 ಫ್ರೇಮ್ ಸರಿಯಾಗಿ ಬಂದು ಒಂದೇ ಒಂದು ಫ್ರೇಮ್‌ಗೆ 120 ಮಿಲಿಸೆಕೆಂಡ್ ಹಿಡಿದರೂ ಮೀಟರ್ ಮೇಲೆ 54 ಅಂತ ಚೆನ್ನಾಗಿಯೇ ಕಾಣುತ್ತದೆ. ಕಣ್ಣಿಗೆ ಹೊಡೆಯುವುದು ಆ ಒಂದು ಫ್ರೇಮ್. ಹೀಗಾಗಿ ಫ್ರೇಮ್ ಟೈಮ್ ಗ್ರಾಫ್ ತೋರಿಸುವ ಸಾಧನ ಇದ್ದರೆ ಅದನ್ನೇ ಬಳಸಿ.

ದೊಡ್ಡ ಅಂಕಿಗೆ ಎಷ್ಟು ಹೊತ್ತು ಬೇಕು?

ಇಲ್ಲಿ ಲೆಕ್ಕ ಹಾಕಿಯೇ ಮಾತಾಡಬೇಕು. 3 ಗಿಗಾಹರ್ಟ್ಸ್ ಪ್ರೊಸೆಸರ್‌ನ ಒಂದು ಬಡಿತಕ್ಕೆ ಒಂದು ನ್ಯಾನೋಸೆಕೆಂಡಿನ ಮೂರನೇ ಒಂದು ಭಾಗ. ಇಂದಿನ 64 ಬಿಟ್ ಪ್ರೊಸೆಸರ್‌ನಲ್ಲಿ 64 ಬಿಟ್‌ನ ಕೂಡುವ, ಕಳೆಯುವ ಕೆಲಸಕ್ಕೆ 32 ಬಿಟ್‌ನಷ್ಟೇ ಹೊತ್ತು: ಒಂದು ಬಡಿತ. ಐದನ್ನು ಕೂಡಿದರೂ ಐವತ್ತು ಕೋಟಿಯನ್ನು ಕೂಡಿದರೂ ರಿಜಿಸ್ಟರ್‌ನ (ಪ್ರೊಸೆಸರ್ ಅಂಕಿ ಇಟ್ಟುಕೊಳ್ಳುವ ಜಾಗ) ಅಷ್ಟೂ ಬಿಟ್‌ಗಳು ಒಟ್ಟಿಗೇ ಓಡುತ್ತವೆ. ಭಾಗಾಕಾರ ಮಾತ್ರ ಹಳೆಯ ಇಂಟೆಲ್ ಚಿಪ್‌ಗಳಲ್ಲಿ ದುಬಾರಿ. ಒಂದಕ್ಕೆ 90 ಬಡಿತ, ಅಂದರೆ 30 ನ್ಯಾನೋಸೆಕೆಂಡ್ ಎಂದೇ ಹಿಡಿಯಿರಿ. ಸೆಕೆಂಡಿಗೆ 4,000 ಹೊಡೆತ, ಹೊಡೆತಕ್ಕೊಂದು ಭಾಗಾಕಾರ ಎಂದರೂ ಒಟ್ಟು 0.12 ಮಿಲಿಸೆಕೆಂಡ್. 60 ಫ್ರೇಮ್‌ಗೆ ಹಂಚಿದರೆ ಫ್ರೇಮ್‌ಗೆ 0.002. ನಿಮ್ಮ ಬಳಿ ಇರುವುದು 16.7. ಹಳೆಯ 32 ಬಿಟ್ ಫೋನ್‌ನಲ್ಲಿ ಒಂದು 64 ಬಿಟ್ ಸಂಕಲನಕ್ಕೆ ಎರಡು ಆದೇಶ ಬೇಕು, ಭಾಗಾಕಾರಕ್ಕೆ ಇನ್ನೂ ಹೆಚ್ಚು. ಅಲ್ಲೂ ಇದು ಕಣ್ಣಿಗೆ ಕಾಣುವ ಮಟ್ಟಕ್ಕೆ ಬರುವುದಿಲ್ಲ.

ನೆಟ್‌ವರ್ಕ್ ಕಡೆಯಿಂದಲೂ ನೋಡಿ. ಅಂಕಿ 4 ಬೈಟ್‌ನಿಂದ 8 ಬೈಟ್‌ಗೆ ಬೆಳೆಯಿತು ಅಂದುಕೊಳ್ಳಿ. 40 ಆಟಗಾರರು, ಒಬ್ಬೊಬ್ಬರದು ಸೆಕೆಂಡಿಗೆ 10 ಹೊಡೆತ. 400 ಹೊಡೆತಕ್ಕೆ ತಲಾ 4 ಬೈಟ್ ಹೆಚ್ಚುವರಿ, ಅಂದರೆ ಸೆಕೆಂಡಿಗೆ 1,600 ಬೈಟ್. ಬಿಟ್ ಲೆಕ್ಕದಲ್ಲಿ 12.8 ಕಿಲೋಬಿಟ್. 10 ಎಂಬಿಪಿಎಸ್ ಲೈನಿನಲ್ಲಿ ಇದು ಸಾಗರಕ್ಕೆ ಒಂದು ತಂಬಿಗೆ ನೀರು. ಹಲವು ಗೇಮ್‌ಗಳು ಬಳಸುವ ಯುಡಿಪಿ ಬಗೆಯ ಒಂದು ಪ್ಯಾಕೆಟ್‌ಗೆ ವಿಳಾಸ ಮುಂತಾದವುಗಳ ತಲೆಬರಹವೇ 28 ಬೈಟ್ ಇರುತ್ತದೆ. ಪ್ಯಾಕೆಟ್ ಒಂದು ಹೆಚ್ಚಾದರೆ ಏಳು ಅಂಕಿಗಳು ಉದ್ದವಾದಷ್ಟು ಭಾರ.

ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳ ತೂಗುವವರಿಗೆ ಇದು ಬೇಗ ತಿಳಿಯುತ್ತದೆ. ಚೀಟಿಯಲ್ಲಿ 60 ಕೆಜಿ ಅಂತ ಬರೆಯುವುದಕ್ಕೂ 6,000 ಕೆಜಿ ಅಂತ ಬರೆಯುವುದಕ್ಕೂ ಗುಮಾಸ್ತರಿಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅದೇ 6,000 ಕೆಜಿಗೆ ಚೀಲಕ್ಕೊಂದರಂತೆ ನೂರು ಚೀಟಿ ಬರೆಯಿರಿ ಎಂದರೆ ಲಾರಿ ಗೇಟಿನಲ್ಲೇ ನಿಲ್ಲುತ್ತದೆ.

ಹಾಗಾದರೆ ಲ್ಯಾಗ್ ಎಲ್ಲಿಂದ?

ಚೀಟಿಗಳ ಸಂಖ್ಯೆಯಿಂದ. ಸ್ಟ್ಯಾಟ್ (ಪಾತ್ರದ ಬಲದ ಅಂಕಿಗಳು) ಉಬ್ಬಿದ ಗೇಮ್‌ಗಳಲ್ಲಿ ಡ್ಯಾಮೇಜ್ ಒಂದೇ ಬೆಳೆಯುವುದಿಲ್ಲ. ಹೊಡೆತದ ವೇಗ, ಸಾಕುಪ್ರಾಣಿಗಳು, ಪ್ರತಿ ಸೆಕೆಂಡಿಗೊಮ್ಮೆ ಕಚ್ಚುವ ವಿಷ, ಹೊಡೆದಾಗಲೆಲ್ಲ ತಾನಾಗಿ ಸಿಡಿಯುವ ಇನ್ನೊಂದು ಹೊಡೆತ ಎಲ್ಲವೂ ಜೊತೆಗೇ ಬೆಳೆಯುತ್ತವೆ. ಅಂಕಿ ಕೋಟಿ ಮುಟ್ಟುವ ಹೊತ್ತಿಗೆ ಘಟನೆಗಳೂ ಎಷ್ಟೋ ಪಟ್ಟು ಆಗಿರುತ್ತವೆ. ನೋಡುವವರ ಕಣ್ಣಿಗೆ ಬೀಳುವುದು ಅಂಕಿ, ಬೈಗುಳ ಬೀಳುವುದೂ ಅದಕ್ಕೇ.

ಒಂದೇ ಒಂದು ಬೀಸುವಿಕೆಯನ್ನು ಬಿಡಿಸಿ ನೋಡೋಣ. ಸುತ್ತ 30 ರಾಕ್ಷಸರು ನಿಂತಿದ್ದಾರೆ. ಕತ್ತಿ ಬೀಸಿದರೆ 30ಕ್ಕೂ ತಾಗುತ್ತದೆ. ತಾಗಿದ ಪ್ರತಿಯೊಬ್ಬನಿಂದ ಪಕ್ಕದ 29 ಜನಕ್ಕೆ ಡ್ಯಾಮೇಜ್ ಸಿಡಿಯುವ ಗುಣ ಆಯುಧಕ್ಕಿದೆ ಎಂದಿಟ್ಟುಕೊಳ್ಳಿ. 30 ಸಲ 29, ಅಂದರೆ 870 ಲೆಕ್ಕ. ಸೆಕೆಂಡಿಗೆ ಐದು ಬೀಸಿದರೆ 4,350. ನಾಲ್ವರು ಆಟಗಾರರಾದರೆ 17,400. ಒಂದೊಂದಕ್ಕೂ ದೂರ ಅಳೆಯಬೇಕು, ರಕ್ಷಾಕವಚ ಕಳೆಯಬೇಕು, ಕ್ರಿಟಿಕಲ್ (ಅದೃಷ್ಟದ ದೊಡ್ಡ ಹೊಡೆತ) ಬಂತೇ ಎಂದು ದಾಳ ಉರುಳಿಸಬೇಕು, ಸತ್ತನೇ ನೋಡಬೇಕು, ನಾಲ್ವರಿಗೂ ಸುದ್ದಿ ಕಳಿಸಬೇಕು. ಈಗ ಎಲ್ಲ ಡ್ಯಾಮೇಜನ್ನೂ ಸಾವಿರದಿಂದ ಭಾಗಿಸಿ ಸಣ್ಣ ಮಾಡಿ. ಲೆಕ್ಕಗಳು ಇನ್ನೂ 17,400. ರಾಕ್ಷಸರನ್ನು 30ರಿಂದ 15ಕ್ಕೆ ಇಳಿಸಿ. ಒಂದು ಬೀಸಿಗೆ 870 ಇದ್ದದ್ದು 210 ಆಗುತ್ತದೆ. ಅರ್ಧ ಮಾಡಿದ್ದಕ್ಕೆ ಕೆಲಸ ಕಾಲು ಭಾಗಕ್ಕಿಂತಲೂ ಕಡಿಮೆಯಾಯಿತು.

ಹಳೆಯ ಸಾಕ್ಷಿಗಳೂ ಇದನ್ನೇ ಹೇಳುತ್ತವೆ. 2006ರ ಜನವರಿಯಲ್ಲಿ ವಾರ್‌ಕ್ರಾಫ್ಟ್‌ನ ಆನ್‌ಕಿರಾಜ್ ಬಾಗಿಲು ತೆರೆಯುವ ದಿನ ಜನ ಒಂದೇ ಕಡೆ ಮುಗಿಬಿದ್ದು ಸರ್ವರ್‌ಗಳು ಮಲಗಿದವು. ಆಗ ಗರಿಷ್ಠ ಮಟ್ಟ 60, ಆಟಗಾರರ ಆರೋಗ್ಯ ಕೆಲವೇ ಸಾವಿರ. ಅಂಕಿ ಪುಟ್ಟದು, ಜನ ದೊಡ್ಡದು. ಬಾಹ್ಯಾಕಾಶದ ಗೇಮ್ ಈವ್ ಆನ್‌ಲೈನ್‌ನಲ್ಲಿ 2014ರ ಜನವರಿಯ ಬಿ-ಆರ್5ಆರ್‌ಬಿ ಯುದ್ಧಕ್ಕೆ ಸಾವಿರಾರು ಹಡಗುಗಳು ಸೇರಿದಾಗ ಸರ್ವರ್ ಆಟದ ಕಾಲವನ್ನೇ ಹತ್ತನೇ ಒಂದಕ್ಕೆ ನಿಧಾನಿಸಿ ಲೆಕ್ಕ ಮುಗಿಸಿತು. ಅಲ್ಲೂ ಉಸಿರುಗಟ್ಟಿಸಿದ್ದು ಹಡಗುಗಳ ಎಣಿಕೆ.

"ಹಾಗಾದ್ರೆ ವಾರ್‌ಕ್ರಾಫ್ಟ್‌ನವರು ಅಂಕಿ ಯಾಕೆ ಇಳಿಸಿದರು?" ಎಂಬ ಪ್ರಶ್ನೆ ಬಂದೇ ಬರುತ್ತದೆ. 2014, 2018, 2020ರಲ್ಲಿ ಇಳಿಸಿದ್ದು ಹೌದು. 2020ರಲ್ಲಿ 120ರ ಮಟ್ಟದ ಪಾತ್ರಗಳೂ 50ಕ್ಕೆ ಇಳಿದವು, ಹೊಸ ಗರಿಷ್ಠ ಮಟ್ಟ 60 ಆಯಿತು. ಓದಲಾಗದ ಅಂಕಿಯನ್ನು ಓದುವಂತೆ ಮಾಡುವುದು, 32 ಬಿಟ್ ಮಿತಿಯಿಂದ (ಸುಮಾರು 214 ಕೋಟಿ) ದೂರ ಇರುವುದು, ಹೊಸ ಆಯುಧಕ್ಕೂ ಹಳೆಯದಕ್ಕೂ ಅರ್ಥವಿರುವ ಅಂತರ ಉಳಿಸುವುದು, ಇವು ಸಾಕಷ್ಟು ಒಳ್ಳೆಯ ಕಾರಣಗಳೇ. ಇಳಿಸಿದ ಮೇಲೆ ಗೇಮ್ ಹಗುರಾಯಿತು ಎನ್ನುವವರು ಒಂದನ್ನು ಮರೆಯುತ್ತಾರೆ: ಅದೇ ಪ್ಯಾಚ್‌ಗಳಲ್ಲಿ ಬೇರೆ ಬದಲಾವಣೆಗಳೂ ಬಂದಿದ್ದವು. 2014ರಲ್ಲಿ ಪಾತ್ರಗಳ ಹೊಸ ಮಾಡೆಲ್‌ಗಳು, 2018ರ ಜುಲೈನಲ್ಲಿ ಡೈರೆಕ್ಟ್‌ಎಕ್ಸ್ 12 (ಚಿತ್ರ ಬಿಡಿಸುವ ಹೊಸ ವ್ಯವಸ್ಥೆ), ಡಿಸೆಂಬರಿನಲ್ಲಿ ಅದಕ್ಕೆ ಬಹು ಕೋರ್ ಸುಧಾರಣೆ. ಒಟ್ಟಿಗೆ ಮೂರು ಔಷಧಿ ನುಂಗಿ ಯಾವುದರಿಂದ ಜ್ವರ ಇಳಿಯಿತು ಎಂದು ಹೇಳಲಾಗುವುದಿಲ್ಲ.

ನಿಮ್ಮ ಯಂತ್ರದಲ್ಲೇ ಪರೀಕ್ಷೆ

ಊರಿನಲ್ಲಿರುವ ಅಭ್ಯಾಸದ ಗೊಂಬೆಯ ಮುಂದೆ ನಿಲ್ಲಿ. ಗ್ರಾಫಿಕ್ಸ್ ಸೆಟ್ಟಿಂಗ್ ಮುಟ್ಟಬೇಡಿ, ಕ್ಯಾಮೆರಾ ಒಂದೇ ಕಡೆ ಇರಲಿ. ಒಳ್ಳೆಯ ಆಯುಧ ತೊಟ್ಟು ಒಂದೇ ಸ್ಕಿಲ್ ಸರಣಿಯನ್ನು ಮೂರು ನಿಮಿಷ ಹೊಡೆಯಿರಿ. ಫ್ರೇಮ್ ಟೈಮ್, ಅತಿ ಕೆಟ್ಟ ಫ್ರೇಮ್, ವರ್ಲ್ಡ್ ಲೇಟೆನ್ಸಿ ಬರೆದುಕೊಳ್ಳಿ. ಈಗ ಹಳೆಯ ಸಾಧಾರಣ ಆಯುಧ ತೊಟ್ಟು ಅದೇ ಸರಣಿ, ಅದೇ ಮೂರು ನಿಮಿಷ. ಎರಡನ್ನೂ ಮೂರು ಮೂರು ಸಲ ಮಾಡಿ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಹಳೆಯ ಆಯುಧದಲ್ಲಿ ಹೇಸ್ಟ್ (ಹೊಡೆತದ ವೇಗ) ಕಡಿಮೆ ಇರುತ್ತದೆ, ಹಾಗಾಗಿ ಹೊಡೆತಗಳೂ ಕಡಿಮೆ ಬೀಳುತ್ತವೆ. ಫ್ರೇಮ್ ಸುಧಾರಿಸಿದರೆ ಅದು ಸಣ್ಣ ಅಂಕಿಯಿಂದಲೋ ಕಡಿಮೆ ಹೊಡೆತದಿಂದಲೋ ಗೊತ್ತಾಗುವುದಿಲ್ಲ. ಎರಡೂ ಸಲ ಬಿದ್ದ ಹೊಡೆತಗಳನ್ನು ಡ್ಯಾಮೇಜ್ ಮೀಟರ್‌ನಲ್ಲಿ ಎಣಿಸಿ ಹೊಂದಿಸಿಕೊಳ್ಳಿ. ತಾನಾಗಿ ಸಿಡಿಯುವ ಗುಣವಿರುವ ಉಂಗುರ, ತಾಯಿತಗಳನ್ನು ಎರಡೂ ಸಲ ಕಳಚಿಡಿ. ಡ್ಯಾಮೇಜ್ ಇಪ್ಪತ್ತು ಪಟ್ಟು ಇಳಿದರೂ ಫ್ರೇಮ್ ಟೈಮ್ ಇದ್ದಲ್ಲೇ ಇದ್ದರೆ ಅಂಕಿಯನ್ನು ಕೈಬಿಡಿ.

ಮುಂದಿನದು ಅದರ ತಿರುವು. ಹಳೆಯ ಆಯುಧದಲ್ಲೇ, ಸಣ್ಣ ಅಂಕಿಯಲ್ಲೇ, ಗುಂಪಿಗೆ ಹೊಡೆಯುವ ಸ್ಕಿಲ್‌ನಿಂದ ನಾಲ್ಕೈದು ಗೊಂಬೆಗಳಿಗೆ ಒಟ್ಟಿಗೆ ಹೊಡೆಯಿರಿ. ಇಲ್ಲಿ ಫ್ರೇಮ್ ಬಿದ್ದರೆ ದಾರಿ ಸಿಕ್ಕಿತು. ಹೊಡೆತದ ಸುತ್ತ ಯಾರು ಹೆಚ್ಚು ತಿನ್ನುತ್ತಿದ್ದಾರೆ ಎಂದು ಒಂದೊಂದಾಗಿ ಆಫ್ ಮಾಡಿ ಅಥವಾ ಇಳಿಸಿ ನೋಡಿ: ತೇಲುವ ಡ್ಯಾಮೇಜ್ ಅಂಕಿಗಳು, ಆಮೇಲೆ ಆಡ್‌ಆನ್‌ಗಳು (ಗೇಮ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶ), ಆಮೇಲೆ ಸ್ಪೆಲ್ ಡೆನ್ಸಿಟಿ (ಮಂತ್ರಗಳ ಚಿತ್ರ ಎಷ್ಟು ಕಾಣಬೇಕು ಎಂಬ ಸೆಟ್ಟಿಂಗ್). ಒಂದು ಸಲಕ್ಕೆ ಒಂದೇ ಬದಲಾವಣೆ.

ಈ ಮೂರರಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಆಡ್‌ಆನ್. ವಾರ್‌ಕ್ರಾಫ್ಟ್ ಆಡ್‌ಆನ್‌ಗಳು ಲುವಾ 5.1 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಡೆಯುತ್ತವೆ. ಅಲ್ಲಿ ಪ್ರತಿ ಅಂಕಿಯೂ 8 ಬೈಟ್‌ನ ಡಬಲ್ (ದಶಮಾಂಶವನ್ನೂ ಹಿಡಿಯುವ ಅಂಕಿಯ ಬಗೆ), 7 ಇರಲಿ 7 ಕೋಟಿ ಇರಲಿ. ಹೊರೆ ಬರುವುದು ಅಂಕಿಯನ್ನು ಅಕ್ಷರವಾಗಿಸುವಾಗ. "12.4 ಮಿಲಿಯನ್" ಎಂದು ತೋರಿಸಲು ಪ್ರತಿ ಸಲ ಹೊಸ ಅಕ್ಷರಸಾಲು ಹುಟ್ಟುತ್ತದೆ, ಹಳೆಯದು ಕಸವಾಗುತ್ತದೆ, ಕಸ ಗುಡಿಸುವ ಗಳಿಗೆಯಲ್ಲಿ ಫ್ರೇಮ್ ನಿಲ್ಲುತ್ತದೆ. ಗೇಮ್ ಮಾಡುವ ಸಾಧನವಾದ ಯೂನಿಟಿಯಲ್ಲಿ ಮಾಡಿದ ಮೊಬೈಲ್ ಗೇಮ್‌ಗಳಲ್ಲೂ ಇದೇ ಕತೆ. 4 ಅಂಕಿಯ ಸಾಲಿಗೂ 11 ಅಂಕಿಯ ಸಾಲಿಗೂ ವ್ಯತ್ಯಾಸ ಏಳು ಅಕ್ಷರ, ಯೂನಿಟಿಯ ಭಾಷೆ ಸಿ ಶಾರ್ಪ್‌ನಲ್ಲಿ 14 ಬೈಟ್. ಸೆಕೆಂಡಿಗೆ 40 ಸಾಲು ಹುಟ್ಟುತ್ತವೆಯೋ 400 ಹುಟ್ಟುತ್ತವೆಯೋ ಎಂಬುದೇ ಮುಖ್ಯ. ಡ್ಯಾಮೇಜ್ ಮೀಟರ್‌ನ ರಿಫ್ರೆಶ್ 0.2 ಸೆಕೆಂಡ್ ಇದ್ದರೆ 1 ಸೆಕೆಂಡಿಗೆ ಏರಿಸಿ. ಫೈಟ್ ನಡುವೆ ಮೀಟರನ್ನು ಸೆಕೆಂಡಿಗೆ ಐದು ಸಲ ನೋಡುವವರು ಯಾರೂ ಇಲ್ಲ.

ಗೇಮ್ ಕಾಂಬ್ಯಾಟ್ ಲಾಗ್ (ಪ್ರತಿ ಹೊಡೆತದ ದಾಖಲೆ) ಫೈಲ್ ಬರೆಯುತ್ತಿದ್ದರೆ ಬೇಡದಾಗ ನಿಲ್ಲಿಸಿ. ಒಂದು ರಾತ್ರಿಯ ರೇಡ್‌ಗೆ (ದೊಡ್ಡ ತಂಡದ ಕಾದಾಟ) ನೂರಾರು ಎಂಬಿ ಆಗುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇದ್ದು, ಆಂಟಿವೈರಸ್ ಕೂಡ ಆ ಫೈಲನ್ನು ಬೆನ್ನು ಬಿಡದೆ ನೋಡುತ್ತಿದ್ದರೆ ತಡವರಿಕೆ ಖಚಿತ. ಲಾಗ್ ಫೋಲ್ಡರನ್ನು ಆಂಟಿವೈರಸ್‌ನ ವಿನಾಯಿತಿ ಪಟ್ಟಿಗೆ ಸೇರಿಸಿ.

ಬಿಸಿಲು, ಕರೆಂಟ್, ವೈಫೈ

ಫೈಟ್ ಶುರುವಾಗಿ ಹದಿನೈದು ನಿಮಿಷಕ್ಕೆ ಫ್ರೇಮ್ ಬೀಳಲು ಶುರುವಾದರೆ ಅಂಕಿಯ ಮಾತೇ ಬೇಡ, ಬಿಸಿ ನೋಡಿ. ಏಪ್ರಿಲ್‌ನಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ 38 ಡಿಗ್ರಿ ಆಸುಪಾಸಿಗೆ ಹೋಗುತ್ತವೆ. ಶೀಟಿನ ಮನೆಯಾದರೆ ಒಳಗೆ ಇನ್ನೂ ಹೆಚ್ಚು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ವೇಗ 3.5ರಿಂದ 2 ಗಿಗಾಹರ್ಟ್ಸ್‌ಗೆ ಇಳಿದಿದ್ದರೆ ಲ್ಯಾಪ್‌ಟಾಪ್ ತನ್ನನ್ನು ತಾನೇ ಉಳಿಸಿಕೊಳ್ಳುತ್ತಿದೆ. ಹಿಂಬದಿಯನ್ನು ಎರಡು ಇಂಚು ಎತ್ತಿ, ಫ್ಯಾನಿನ ಧೂಳು ತೆಗೆಯಿರಿ. ಕರೆಂಟ್ ಹೋಗಿ ಬ್ಯಾಟರಿಯಲ್ಲಿ ಓಡುವಾಗಲೂ ಲ್ಯಾಪ್‌ಟಾಪ್ ವೇಗ ಇಳಿಸುತ್ತದೆ. ಆ ಹೊತ್ತಿನ ಅಳತೆಯನ್ನು ಪರೀಕ್ಷೆಗೆ ಸೇರಿಸಬೇಡಿ.

ವರ್ಲ್ಡ್ ಲೇಟೆನ್ಸಿ ಏರುತ್ತಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ರೂಟರ್‌ಗೆ ಪಿಂಗ್ ಮಾಡಿ (ಸಣ್ಣ ಸಂದೇಶ ಕಳಿಸಿ ಉತ್ತರದ ಹೊತ್ತು ಅಳೆಯುವುದು), 200 ಸಲ. ಕೇಬಲ್‌ನಲ್ಲಿ 1-2 ಮಿಲಿಸೆಕೆಂಡ್ ಇರಬೇಕು. ವೈಫೈನಲ್ಲಿ ನಡುನಡುವೆ 80, 150 ಕಂಡರೆ ದೋಷ ಕೋಣೆಯೊಳಗೇ ಇದೆ. ಹಾಸ್ಟೆಲ್‌ಗಳಲ್ಲಿ 2.4 ಗಿಗಾಹರ್ಟ್ಸ್ ತುಂಬಿ ತುಳುಕುತ್ತಿರುತ್ತದೆ. ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮಾತ್ರ. ಸಾಧ್ಯವಾದರೆ ಕೇಬಲ್ ಎಳೆಯಿರಿ, ಇಲ್ಲವೇ 5 ಗಿಗಾಹರ್ಟ್ಸ್‌ಗೆ ಹೋಗಿ. ಪಕ್ಕದ ಕೋಣೆಯವರು ವಿಡಿಯೋ ಅಪ್‌ಲೋಡ್ ಮಾಡಿದಾಗ ಪಿಂಗ್ 40ರಿಂದ 400ಕ್ಕೆ ಹಾರಿದರೆ ರೂಟರ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ಲೈನಿನ ವೇಗದ ಶೇ. 85-90ಕ್ಕೆ ಕಟ್ಟಿ.

ದೂರಕ್ಕೆ ಮಾತ್ರ ಮದ್ದಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಅಂದರೆ ಪ್ರತಿ 100 ಕಿಲೋಮೀಟರ್‌ಗೆ ಹೋಗಿಬರಲು 1 ಮಿಲಿಸೆಕೆಂಡ್. ಯುರೋಪಿನ ಸರ್ವರ್‌ನಲ್ಲಿ ಆಡುವವರಿಗೆ ನೇರ ದಾರಿಯೇ ಸಿಕ್ಕರೂ 70 ಮೇಲೆ, ಸುತ್ತು ದಾರಿ ಸೇರಿ ಅದರ ಇಮ್ಮಡಿ. ಡ್ಯಾಮೇಜ್ ಕೋಟಿಯಿಂದ ನೂರಕ್ಕೆ ಇಳಿದರೂ ಇದರಲ್ಲಿ ಒಂದು ಮಿಲಿಸೆಕೆಂಡ್ ಇಳಿಯುವುದಿಲ್ಲ.

ಅಂಕಿಯೇ ತಪ್ಪಿತಸ್ಥ ಆಗುವ ಜಾಗಗಳು

ಫ್ರೇಮ್ ಸರಿ ಇದೆ, ಪಿಂಗ್ ಸರಿ ಇದೆ, ಆದರೂ "ಹೊಡೆತ ತಾಗ್ತಿಲ್ಲ". ಇದು ಲ್ಯಾಗ್ ಅಲ್ಲದಿರಬಹುದು. ಸಣ್ಣ ತಂಡಗಳು ಮಾಡಿದ ಗೇಮ್‌ಗಳಲ್ಲಿ, ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಇದು ಹೆಚ್ಚು.

ಆರೋಗ್ಯವನ್ನು 32 ಬಿಟ್ ಫ್ಲೋಟ್‌ನಲ್ಲಿ (ದಶಮಾಂಶ ಹಿಡಿಯುವ ಚಿಕ್ಕ ಬಗೆ) ಇಟ್ಟಿದ್ದರೆ 1,67,77,216ರ ನಂತರ ಅದಕ್ಕೆ ಎಲ್ಲ ಪೂರ್ಣಾಂಕಗಳೂ ಹಿಡಿಸುವುದಿಲ್ಲ. ಆ ಅಂಕಿಗೆ 1 ಕೂಡಿದರೆ ಅದೇ ಅಂಕಿ ವಾಪಸ್ ಬರುತ್ತದೆ. 50 ಕೋಟಿಯ ಹತ್ತಿರ ಫ್ಲೋಟ್ 32ರ ಹೆಜ್ಜೆಯಲ್ಲಿ ಮಾತ್ರ ನಡೆಯುತ್ತದೆ. 50 ಕೋಟಿ ಆರೋಗ್ಯದ ಬಾಸ್‌ಗೆ 15 ಡ್ಯಾಮೇಜಿನ ವಿಷವನ್ನು ದಿನವಿಡೀ ಕಚ್ಚಿಸಿದರೂ ಒಂದು ಅಂಕಿಯೂ ಇಳಿಯದು.

32 ಬಿಟ್ ಪೂರ್ಣಾಂಕದ ಕೊನೆ 2,14,74,83,647. ಒಂದು ಹೆಚ್ಚಾದರೆ ಸಾಮಾನ್ಯವಾಗಿ ಋಣದ ತುದಿಗೆ ಉರುಳುತ್ತದೆ, ದೊಡ್ಡ ಹೊಡೆತವೇ ಬಾಸ್‌ಗೆ ಔಷಧಿಯಾಗುತ್ತದೆ. ಇನ್ನೂ ಮೋಸದ್ದು ನಡುವಿನ ಲೆಕ್ಕದಲ್ಲಿ ಉಕ್ಕುವುದು. ಆರೋಗ್ಯ 3 ಕೋಟಿ, ಮಿತಿಯೊಳಗೆ ಆರಾಮವಾಗಿದೆ. ಶೇಕಡಾ ತೋರಿಸಲು ಮೊದಲು 100ರಿಂದ ಗುಣಿಸಿ ಆಮೇಲೆ ಗರಿಷ್ಠ ಆರೋಗ್ಯದಿಂದ ಭಾಗಿಸುವಂತೆ ಬರೆದಿದ್ದಾರೆ. ಗುಣಿಸಿದಾಗ 300 ಕೋಟಿ. ಉಕ್ಕಿ −1,29,49,67,296 ಆಯಿತು. ಭಾಗಿಸಿದರೆ −43. ತುಂಬಿದ ಆರೋಗ್ಯದ ಪಟ್ಟಿ ಖಾಲಿಯಾಗಿ ಕಾಣುತ್ತದೆ, ಆಟಗಾರ "ಸತ್ತವನು ಇನ್ನೂ ಹೊಡಿತಿದಾನೆ, ಲ್ಯಾಗ್" ಎನ್ನುತ್ತಾನೆ. ಗುಣಿಸುವ ಮುನ್ನವೇ 64 ಬಿಟ್‌ಗೆ ಏರಿಸಿಕೊಳ್ಳಿ. ಅದರ ಮಿತಿ ಸುಮಾರು 92,233 ಕೋಟಿ ಕೋಟಿ.

ಡೇಟಾಬೇಸ್‌ನಲ್ಲೂ ನೋಡಿ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನ ಮಾಮೂಲಿ ಇಂಟ್ ಕಾಲಂ ಇದೇ 214 ಕೋಟಿಗೆ ನಿಲ್ಲುತ್ತದೆ. ಸ್ಟ್ರಿಕ್ಟ್ ಮೋಡ್‌ನಲ್ಲಿ ದೋಷ ಎಸೆಯುತ್ತದೆ, ಇಲ್ಲದಿದ್ದರೆ ಸದ್ದಿಲ್ಲದೆ ಗರಿಷ್ಠಕ್ಕೇ ಕತ್ತರಿಸುತ್ತದೆ. ಆಟಗಾರರ ಚಿನ್ನ 2,14,74,83,647ಕ್ಕೆ ಬಂದು ನಿಂತಿದೆ ಎಂಬ ದೂರು ಬಂದರೆ ಕಾಲಂ ಅನ್ನು 64 ಬಿಟ್‌ನ ಬಿಗ್‌ಇಂಟ್ ಮಾಡಿ.

ನಿಜಕ್ಕೂ ನಿಧಾನ ಮಾಡುವ ದೊಡ್ಡ ಅಂಕಿ ಒಂದೇ ಜಾತಿಯದು: 64 ಬಿಟ್‌ಗೂ ಹಿಡಿಸದೆ ಬಿಗ್‌ಇಂಟೀಜರ್ ಲೈಬ್ರರಿಗೆ ಹೋದದ್ದು. ಅಲ್ಲಿ ಪ್ರತಿ ಕೂಡುವಿಕೆಗೂ ಮೆಮೊರಿ ಕೇಳಬೇಕಾಗುತ್ತದೆ, ಅಂಕಿ ಉದ್ದವಾದಷ್ಟೂ ಹೊತ್ತು ಬೆಳೆಯುತ್ತದೆ. ಸುಮ್ಮನೆ ಬಿಟ್ಟರೂ ಹಣ ಬೆಳೆಯುವ ಐಡಲ್ ಗೇಮ್‌ಗಳಲ್ಲಿ ಇದು ಕಾಣುತ್ತದೆ. ಅಂಥ ಗೇಮ್‌ಗೆ ಕೊನೆಯ ಅಂಕಿಯವರೆಗೆ ನಿಖರತೆ ಬೇಕಿಲ್ಲ. ಡಬಲ್ ಸಾಕು, ಅದು ಸುಮಾರು 90 ಕೋಟಿ ಕೋಟಿವರೆಗೆ ಪೂರ್ಣಾಂಕಗಳನ್ನು ತಪ್ಪಿಲ್ಲದೆ ಹಿಡಿಯುತ್ತದೆ, ಮುಂದೆಯೂ ಮೊದಲ 15 ಅಂಕಿ ಸರಿ ಇರುತ್ತವೆ.

ಸ್ವಂತ ಗೇಮ್ ಮಾಡುವವರು ಒಂದೇ ಗುರಿಗೆ 0.2 ಸೆಕೆಂಡಿನಲ್ಲಿ ಬಿದ್ದ ಹೊಡೆತಗಳನ್ನು ಕೂಡಿಸಿ ಒಂದೇ ಅಂಕಿಯಾಗಿ ತೇಲಿಸಿ, ಒಂದೇ ಸಂದೇಶವಾಗಿ ಕಳಿಸಿ. ತೇಲುವ ಅಂಕಿಗಳನ್ನು ಪ್ರತಿ ಸಲ ಹುಟ್ಟಿಸದೆ 50-60ರ ಒಂದು ಗುಂಪನ್ನು ಮೊದಲೇ ಮಾಡಿಟ್ಟು ಮರುಬಳಸಿ. ಅಂಕಿ ಇಳಿಸುವ ಸ್ಕ್ವಿಶ್‌ಗಿಂತ ಈ ಎರಡು ಕೆಲಸ ಎಷ್ಟೋ ಪಾಲು ಹೆಚ್ಚು ಫ್ರೇಮ್ ಉಳಿಸುತ್ತವೆ.

ಇಷ್ಟೆಲ್ಲ ಮಾಡಿಯೂ ಸರ್ವರ್ ಕಡೆಗೇ ಬೆರಳು ಹೋದರೆ ಗೇಮ್‌ನವರಿಗೆ ದೂರು ಬರೆಯಿರಿ. "ಲ್ಯಾಗ್ ಇದೆ, ಡ್ಯಾಮೇಜ್ ಜಾಸ್ತಿ ಆಯ್ತು" ಎಂದರೆ ಅದು ಕಸದ ಬುಟ್ಟಿಗೆ. ದಿನಾಂಕ, ಗಂಟೆ ನಿಮಿಷ (ಭಾರತದ ಸಮಯ ಯುಟಿಸಿಗಿಂತ 5:30 ಮುಂದೆ ಎಂದು ಸೇರಿಸಿ), ಸರ್ವರ್ ಹೆಸರು, ಎಷ್ಟು ಜನ ಆಡುತ್ತಿದ್ದರು, ಸುತ್ತ ಎಷ್ಟು ಶತ್ರುಗಳಿದ್ದರು, ಆ ಗಳಿಗೆಯ ಫ್ರೇಮ್ ಟೈಮ್ ಮತ್ತು ವರ್ಲ್ಡ್ ಲೇಟೆನ್ಸಿ, ಲ್ಯಾಗ್ ನಡೆಯುತ್ತಿರುವಾಗಲೇ ತೆಗೆದ ಟ್ರೇಸ್‌ರೂಟ್ (ಸರ್ವರ್‌ವರೆಗಿನ ದಾರಿಯ ಪಟ್ಟಿ), ಸಿಡಿಯುವ ಗುಣದ ಆಯುಧ ಕಳಚಿದಾಗ ಏನಾಯಿತು ಎಂಬುದು, ಇಷ್ಟು ಇರಲಿ.